ಮೇಲಿಂದ ಕೆಳಕ್ಕೆ ಒರೆಸಿದ ಗಾಜು

ಇಳಕಲ್ಲು, ಕ್ರಿ.ಶ. 2231, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ

ಮೊದಲು ಖರ್ಚಿನ ಬಾಬ್ತು. ನಲವತ್ತೊಂದು ಖಾನೆಗಳ ಅರ್ಜಿ, ಮೂರು ಸಲ ತುಂಬಿದ್ದು: ಒಟ್ಟು ನೂರ ಇಪ್ಪತ್ತಮೂರು ಖಾನೆ. ಒದ್ದೆ ಸೆರಗಿನಿಂದ ಮೂರು ಸಲ ಒರೆಸಿದ್ದು. ಒಂದು ವರ್ಷದ ನೀರು. ತೊಂಬತ್ತಾರು ವರ್ಷ ಜೀವಂತವಾಗಿದ್ದ ಒಂದು ನೀಲಿ ಬಾನಿ. ಇಷ್ಟೂ ಹೋದದ್ದು ನೀವು ಒಂದು ಬೆರಳಗಲ ಜಾಗ ಉಳಿಸಿದ್ದಕ್ಕೆ.

ನೀವು ಎಂದರೆ, ಮುಟ್ಟಿ ನಡೆಸುವ ಟ್ಯಾಬ್ಲೆಟ್ಟಿಗೆ ಬ್ರೌಸರ್ ಮಾಡಲು ಮೇಜಿನ ಸುತ್ತ ಕೂತ ನಾಲ್ಕು ಜನ. ನಿಮ್ಮ ಹೆಸರು ದಾಖಲೆಯಲ್ಲಿ ಉಳಿದಿಲ್ಲ. ಅದು ನಿಮ್ಮ ಪುಣ್ಯ. ತಾರೀಕು ನೋಡಿ ಗಾಬರಿಯಾಗಬೇಡಿ. ಅಧಿಕಮಾಸವನ್ನು ಸರ್ಕಾರವೇ ಒಪ್ಪಿಕೊಂಡು ಬಹಳ ವರ್ಷವಾಯಿತು, ಮಿಕ್ಕ ದಿನಗಳನ್ನೆಲ್ಲ ಅದರೊಳಗೆ ತುರುಕುತ್ತಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಅದೊಂದಕ್ಕೇ. ನಿಮ್ಮ ಟ್ಯಾಬ್ಲೆಟ್ಟನ್ನು ನಾವು ಕೈಗಾಜು ಎನ್ನುತ್ತೇವೆ, ಬ್ರೌಸರನ್ನು ಕಿಂಡಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ಹಿಂಟಪಾಲು ಎಂದು ಹೆಸರು. ಒಬ್ಬರಿಗೆ ಜೀವಮಾನಕ್ಕೆ ಒಂದೇ ಕಾಗದ ಹಾಕುವ ಹಕ್ಕು. ಮಂದಿ ಸಾಮಾನ್ಯವಾಗಿ ತೀರಿಹೋದ ತಾಯಿಗೋ ಅಜ್ಜಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಸಿಟ್ಟು ಎಷ್ಟಿದೆ ಎಂದು ಇದರಿಂದಲೇ ಅಳೆದುಕೊಳ್ಳಿ.

ನಾನು ದ್ಯಾಮಣ್ಣ, ಗಾಜಿನಾಳು. ಕೈಗಾಜು ಓದಲು ಬರದವರ ಪಕ್ಕ ಕೂತು ಓದಿ ಹೇಳುವ ಕಸುಬು. ಶಾಲೆ ನಾಲ್ಕೇ ವರ್ಷ. ಒಡೆದ ಗಾಜು ಆಯ್ದು ಕೂಡಿಸಿ ಕಲಿತದ್ದೇ ವಿದ್ಯೆ. ನಮ್ಮ ಕಾಲದಲ್ಲಿ ಮದುವೆ, ಮನೆ, ಮದ್ದು, ಎಲ್ಲಕ್ಕೂ ಬಾಗಿಲು ಆ ಕಿಂಡಿಯೊಂದೇ. ಬಣ್ಣಗಾರರಿಗಂತೂ ನೀರಪಾಳಿ, ಅಂದರೆ ವರ್ಷಕ್ಕಾಗುವ ನೀರಿನ ಸರದಿ, ಸಿಗುವುದೂ ಅಲ್ಲೇ. ವರ್ಷದಲ್ಲಿ ಒಂದು ದಿನ, ಒಂದು ಗಂಟೆ ತೆರೆಯುತ್ತದೆ. ತಪ್ಪಿದರೆ ಮುಂದಿನ ವರ್ಷ.

ಫಕೀರವ್ವ ನಮ್ಮ ಓಣಿಯ ಬಣ್ಣಗಾರ್ತಿ. ಆಕೆಯ ನೀಲಿ ಬಾನಿ, ನೂಲು ಅದ್ದುವ ಬಣ್ಣದ ದೊಡ್ಡ ಮಡಕೆ, ಮುತ್ತಜ್ಜಿಯ ಕಾಲದ್ದು. ನೀಲಿ ಹುಳಿಯುತ್ತಲೇ ಬದುಕುವ ಪದಾರ್ಥ. ದಿನಾ ಬೆಲ್ಲ, ಸುಣ್ಣ, ನೀರು ಕೊಟ್ಟು ಕೋಲಾಡಿಸಿದರೆ ತಲೆಮಾರು ದಾಟುತ್ತದೆ, ನೀರು ತಪ್ಪಿದರೆ ಸಾಯುತ್ತದೆ. ಆ ದಿನ ಆಕೆ ಬಾನಿಯಿಂದ ನೇರ ಎದ್ದು ಬಂದಳು, ಮೊಣಕೈವರೆಗೆ ನೀಲಿ, ಹಸಿ. ನಾವಿಬ್ಬರೂ ಕೂತು ನಲವತ್ತೊಂದು ಖಾನೆ ತುಂಬಿದೆವು. ಕಳಿಸುವ ಗುಂಡಿ ಹಾಳೆಯ ತಲೆಯಲ್ಲಿ. ಅರ್ಜಿದಾರರ ಬೆರಳೇ ಒತ್ತಬೇಕು ಎಂದು ನಿಯಮ. ಒತ್ತುವ ಮುಂಚೆ ಆಕೆ ಸೆರಗಿನಿಂದ ಗಾಜು ಒರೆಸಿ ಕಣ್ಣಿಗೊತ್ತಿಕೊಂಡಳು. ನೋಡಿದರೆ ಖಾನೆಗಳು ಖಾಲಿ. ನಾನು ತಂತಿಯ ದೋಷವೆಂದೆ. ಎರಡನೆಯ ಸಲವೂ ಹಾಗೇ ಆಯಿತು.

"ನಿನ್ನ ಗಾಜಿಗೆ ನನ್ನ ಕೈ ಕಂಡ್ರ ಆಗೂದಿಲ್ಲ ನೋಡೋ ದ್ಯಾಮಣ್ಣ. ಸೊಸಿಗತೆ ಮುಖ ತಿರುವತೈತಿ," ಎಂದು ನಕ್ಕಳು.

"ಕೈ ಹಸಿ ಐತೆಕ್ಕಾ, ಅದಕ್ಕ. ಈ ಸಲ ಚೊಲೋತ್ನಂಗ ಒರಸು," ಎಂದೆ. ಎಂದವನು ನಾನೇ.

ಮೂರನೆಯ ಸಲ ನನ್ನ ಕಣ್ಣಿಗೆ ಬಿತ್ತು. ಬಣ್ಣಗಾರರು ಏನನ್ನೂ ಅಡ್ಡ ಒರೆಸುವುದಿಲ್ಲ. ಅಡ್ಡ ಒರೆಸಿದರೆ ಬಣ್ಣ ಹರಡುತ್ತದೆ. ಹಾಸಿನೆಳೆಯ, ಅಂದರೆ ಬಟ್ಟೆಯ ಉದ್ದನೆಯ ಎಳೆಯ, ಗುಂಟ ಮೇಲಿಂದ ಕೆಳಕ್ಕೆ ಎಳೆಯುವುದೇ ಅವರ ಕೈಯ ರೂಢಿ. ಒದ್ದೆ ಸೆರಗು ಗಾಜಿನ ತಲೆಯಿಂದ ಕೆಳಕ್ಕೆ ಜಾರಿತು. ಕಿಂಡಿ ಅದನ್ನು ಬೆರಳೆಂದುಕೊಂಡು ಇಡೀ ಪುಟವನ್ನು ಹೊಸದಾಗಿ ತಂದಿತು, ಖಾಲಿಯಾಗಿ. ಅಷ್ಟರಲ್ಲಿ ಗಂಟೆ ಮುಗಿದಿತ್ತು.

"ನಾ ಒರಸಿದ್ದು ಗಾಜು. ಅಕ್ಷರ ಯಾಕ ಹೋದುವು?" ಎಂದು ಕೇಳಿದಳು.

ಉತ್ತರ ಹುಡುಕಿಕೊಂಡು ಹಳೆಯ ದಾಖಲೆಯ ಉಗ್ರಾಣಕ್ಕೆ ಹೋದೆ. ನಿಮ್ಮ ಸಭೆಯ ಧ್ವನಿಮುದ್ರಣ ಸಿಕ್ಕಿತು. ನಿಮ್ಮಲ್ಲೊಬ್ಬ ಹೇಳುತ್ತಾನೆ: "ಪುಟ ಹೊಸದು ಮಾಡೋಕೆ ಮೇಲೊಂದು ಗುಂಡಿ ಯಾಕೆ ಸಾರ್, ಜಾಗ ತಿನ್ನುತ್ತೆ. ಕೆಳಗೆ ಎಳೆದ್ರೆ ಸಾಕು, ಬರ್ಲಿ." ಹೆಣ್ಣು ದನಿಯೊಂದು ಕೇಳುತ್ತದೆ: "ಅರ್ಧ ತುಂಬಿರೋ ಅರ್ಜಿ ಏನಾಗುತ್ತೆ? ಅಳಿಸೋ ಮುಂಚೆ ಒಂದ್ಸಲ ಕೇಳೋಣ್ವಾ?" ಅದಕ್ಕೆ ಉತ್ತರ: "ಇದ್ರಲ್ಲಿ ಅರ್ಜಿ ಯಾರು ಮೇಡಂ ತುಂಬ್ತಾರೆ? ಮಲಕ್ಕೊಂಡು ಸಿನಿಮಾ ನೋಡ್ತಾರೆ." ಆಮೇಲೆ ನಗು. ಮಧ್ಯಾಹ್ನ ತಂಪು ಕೋಣೆಯಲ್ಲಿ ಹನ್ನೆರಡು ಜನರನ್ನು ಕೂರಿಸಿ ಪರೀಕ್ಷೆ ಮಾಡಿದಿರಿ. ಹನ್ನೆರಡೂ ಒಣ ಬೆರಳು. ಎಲ್ಲರಿಗೂ ಹಿಡಿಸಿತು, ಊಟ ಹಂಚಿದಿರಿ. ನಿಮ್ಮ ನಂತರದವರು ನಿಮ್ಮದನ್ನು ನಕಲು ಮಾಡಿದರು, ಅವರದನ್ನು ಮುಂದಿನವರು. ಇನ್ನೂರು ವರ್ಷ ಯಾರೂ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ಮೊದಲು ಕೇಳಿದವಳನ್ನು ನಕ್ಕು ಕೂರಿಸಿದ್ದಿರಲ್ಲ.

ಬಾನಿ ಇಪ್ಪತ್ತು ದಿನ ತಡೆಯಿತು. ನೆರೆಯವರು ಕುಡಿಯುವ ನೀರಲ್ಲೇ ಒಂದೊಂದು ತಂಬಿಗೆ ತಂದು ಹೊಯ್ದರು, ಸಾಲಲಿಲ್ಲ. ಈಗ ಫಕೀರವ್ವ ಬೇರೆಯವರ ನೂಲು ಸುತ್ತುತ್ತಾಳೆ. ಉಗುರಿನ ನೀಲಿ ಬುಡದಿಂದ ಬೆಳ್ಳಗಾಗುತ್ತ ಬಂದಿದೆ. ನನ್ನ ಮುಂದೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾಳೆ. ನನ್ನನ್ನು ಬೈದಿಲ್ಲ. ಬೈದಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ.

ಹಿಂಟಪಾಲಿನಿಂದ ಏನಾದರೂ ಬದಲಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ; ಬದಲಾದರೂ ನಮಗೆ ತಿಳಿಯುವುದಿಲ್ಲವಂತೆ. ಆದರೂ ಈ ಕಾಗದ ಸಭೆಗೆ ಮುಂಚೆ ಮುಟ್ಟಿದರೆ, ನಿಮ್ಮೊಳಗಿನ ಆ ಹೆಣ್ಣುಮಗಳು ಪ್ರಶ್ನೆ ಕೇಳಿದಾಗ ನಗಬೇಡಿ. "ತುಂಬಿದ್ದು ಹೋಗುತ್ತದೆ, ಹೋಗಲೋ?" ಎಂದು ಒಂದು ಸಾಲು ಹಾಕಿ. ಅಷ್ಟೇ ನಾನು ಬೇಡುವುದು. ನಿಮಗೆ ಒಳ್ಳೆಯದಾಗಲಿ ಎಂದು ಹಾರೈಸಲು ನನಗೆ ಮನಸ್ಸಿಲ್ಲ.

ಕೊನೆಯ ಲೆಕ್ಕ, ಯಾರಿಗೆ ಏನು ಸಿಕ್ಕಿತು ಎಂಬುದು. ನಿಮಗೆ ಒಂದು ಬೆರಳಗಲ ಜಾಗ. ಆ ಹನ್ನೆರಡು ಜನಕ್ಕೆ ಒಂದೊಂದು ಊಟದ ಡಬ್ಬಿ. ಪ್ರಶ್ನೆ ಕೇಳಿದವಳಿಗೆ ನಿಮ್ಮ ನಗು. ನನಗೆ, ಒರಸು ಎಂದ ನನ್ನದೇ ಮಾತು. ಫಕೀರವ್ವನಿಗೆ, ಒಂದು ಕಲೆಯೂ ಇಲ್ಲದ ಗಾಜು.