ನೀರಲ್ಲಿ ನಿಲ್ಲಿಸಿದವನು ನಾನು, ಹೊರಹಾಕಿದ್ದು ನಕಿಮುಲಿಯನ್ನು

ದ್ವೀಪಗಳ ಶಾಲೆಗಳನ್ನು ನೋಡಿಕೊಳ್ಳುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮ ವಸತಿ ಶಾಲೆಯ ವಿದ್ಯಾರ್ಥಿನಾಯಕಿ ನಕಿಮುಲಿಯನ್ನು ‘ಹಿಂಸಾಚಾರ’ಕ್ಕಾಗಿ ತಾವು ಹೊರಹಾಕಿದ್ದೀರಿ. ಅಂತಿಮ ಪರೀಕ್ಷೆಗೆ ಉಳಿದಿರುವುದು ಹನ್ನೆರಡು ದಿನ. ಆದೇಶ ಬಹಳ ಅಚ್ಚುಕಟ್ಟಾಗಿದೆ, ಮೊಹರು ಕೂಡ ನೆಟ್ಟಗೆ ಬಿದ್ದಿದೆ. ತಪ್ಪಿರುವುದು ಹೆಸರು ಮಾತ್ರ.

ನಮ್ಮ ಆರೂ ಶಿಕ್ಷಕರನ್ನು ಸರೋವರದಾಚೆಯ ಎಂಟೆಬ್ಬೆ ಪಟ್ಟಣಕ್ಕೆ ಕರೆಸಿಕೊಂಡವರು ತಾವೇ ಅಲ್ಲವೇ? ಮೂರು ದಿನದ ಶಿಬಿರ. ವಿಷಯ: ನಾಯಕತ್ವ! ಹಿಟ್ಟು ತರಲೆಂದು ಅಡುಗೆಯವರೂ ಅದೇ ದೋಣಿ ಹತ್ತಿದರು. ನಮ್ಮ ದ್ವೀಪದಲ್ಲಿ ಶಾಲೆ ಬಿಟ್ಟರೆ ಇನ್ನೊಂದು ಮನೆಯಿಲ್ಲ. ದೋಣಿಯ ಎಂಜಿನ್ ಕೆಟ್ಟಿತು, ಸರೋವರದಲ್ಲಿ ಗಾಳಿ ಎದ್ದಿತು, ಹನ್ನೊಂದು ದಿನ ಯಾರೂ ಬರಲಿಲ್ಲ. ‘ವಿದ್ಯಾರ್ಥಿ ಮಂತ್ರಿಮಂಡಲ ನೋಡಿಕೊಳ್ಳುತ್ತದೆ’ ಎಂದು ತಮ್ಮ ಸುತ್ತೋಲೆಯಲ್ಲಿತ್ತು. ಆ ಮಂಡಲದಲ್ಲಿ ನಾನು ಮನರಂಜನಾ ಮಂತ್ರಿ. ನೋಡಿಕೊಂಡೆ, ಮಾನ್ಯರೇ.

ಹಿಟ್ಟು ಕಡಿಮೆಯಾಗುತ್ತಿತ್ತು. ನಕಿಮುಲಿ ತಾನೇ ಮುದ್ದೆ ತೊಳಸಿ, ಚಿಕ್ಕವರಿಗೆ ಮೊದಲು ಬಡಿಸಿ, ತನಗೆ ತಳ ಕೆರೆದುಕೊಳ್ಳುತ್ತಿದ್ದಳು. ನಾನು ಬೇಸರ ಕಳೆಯಲು ದುಪ್ಪಟಿ ಹೊದ್ದು ನ್ಯಾಯಾಲಯ ತೆರೆದೆ. ಗೊರಕೆ ಹೊಡೆದವನು ಶಾಲೆಯ ಮೇಕೆಯ ಕ್ಷಮೆ ಕೇಳಬೇಕೆಂದು ತೀರ್ಪಿತ್ತೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆ ಹೊಟ್ಟೆಗಳು ಖಾಲಿಯಾದಂತೆ ನಗು ಒರಟಾಯಿತು. ದೊಡ್ಡ ಹುಡುಗರು ನನ್ನ ತೀರ್ಪುಗಳನ್ನು ನಿಜಕ್ಕೂ ಜಾರಿ ಮಾಡತೊಡಗಿದರು. ನಿಲ್ಲಿಸಬಹುದಿತ್ತು. ಆದರೆ ಅರವತ್ತು ಮಂದಿ ನನ್ನ ಬಾಯನ್ನೇ ನೋಡುತ್ತಿದ್ದರು. ಆ ರುಚಿ ತಮಗೂ ಗೊತ್ತಿರಬೇಕು.

ಒಂಬತ್ತನೇ ದಿನ ಲುಬೋವನನ್ನು ಎಳೆದು ತಂದರು. ನನ್ನ ಪಕ್ಕದ ಮಂಚದವನು, ಗೆಳೆಯ. ಮುದ್ದೆ ಕದ್ದನಂತೆ. ಕುತ್ತಿಗೆಯವರೆಗೆ ನೀರಲ್ಲಿ ನಿಲ್ಲತಕ್ಕದ್ದು ಎಂದೆ.

ಅವನು ಕಣ್ಣು ಮಿಟುಕಿಸಿದ. “ಎಷ್ಟೊತ್ತು ಮಹಾಸ್ವಾಮಿ? ಸೋಪೂ ತಗೊಂಡ್ ಹೋಗ್ಲಾ?”

ಎಲ್ಲರೂ ನೋಡುತ್ತಿದ್ದರು. ನಾನು ನಗಲಿಲ್ಲ. “ನಾನು ಹೇಳೋವರೆಗೂ.”

ಹೇಳಲಿಲ್ಲ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅಲೆಗಳು ಅವನ ಮೂಗು ದಾಟುತ್ತಿದ್ದವು. ಮೇಲೆ ಬರಲು ನೋಡಿದಾಗೆಲ್ಲ ಸೆಬುಗ್ವಾವೊ ಎಂಬ ದಾಂಡಿಗ ಹಿಂದಕ್ಕೆ ನೂಕುತ್ತಿದ್ದ. ಮುದ್ದೆ ತೊಳಸುವ ಉದ್ದನೆಯ ಕೋಲು ಹಿಡಿದೇ ನಕಿಮುಲಿ ಓಡಿಬಂದಳು.

“ಬಿಡೋ ಅವನ್ನ!”

“ತೀರ್ಪಾಗಿದೆ ಅಕ್ಕಾ,” ಎಂದ ಸೆಬುಗ್ವಾವೊ. “ಕೇಳೋಕೆ ನೀನ್ಯಾರು?”

“ನಿಂಗೆ ದಿನಾ ಮುದ್ದೆ ಹಾಕೋಳು ಕಣೋ!”

ಒಂದೇ ಏಟು. ಸೆಬುಗ್ವಾವೊನ ಕೈ ಮುರಿಯಿತು. ಲುಬೋವನನ್ನು ಅವಳು ಹೆಗಲ ಮೇಲೆ ಹೊತ್ತು ತಂದಳು, ಉಸಿರು ಅರ್ಧ ಹೋಗಿತ್ತು.

ತಮ್ಮ ವರದಿಯ ಹಿಂಸಾಚಾರವೆಂದರೆ ಆ ಒಂದು ಏಟು. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ನನ್ನ ನಾಲಿಗೆ ಮಾಡಿದ್ದು ಯಾವ ಯಂತ್ರದಲ್ಲಿ ಕಂಡೀತು? ವಿಚಾರಣೆಯಲ್ಲಿ ಅವಳು “ಹೌದು, ಹೊಡೆದೆ” ಎಂದು ಸುಮ್ಮನಾದಳು. ನಾನು “ಹೌದು, ಹೊಡೆದದ್ದನ್ನು ನೋಡಿದೆ” ಎಂದು ಸುಮ್ಮನಾದೆ. ಇಬ್ಬರದೂ ನಿಜವೇ.

ಕಳೆದ ವಾರ ದೋಣಿ ಹತ್ತಿ ಲುಬೋವನ ಊರಿಗೆ, ಅವನ ಮನೆಗೆ ಹೋಗಿದ್ದೆ. ನನ್ನನ್ನು ಕಂಡದ್ದೇ ಎದ್ದು ನಿಂತ.

“ಕೂತ್ಕೊಳ್ಳೋ ಮಾರಾಯ.”

“ಬೇಡ, ನಿಂತಿರ್ತೀನಿ” ಎಂದ. ನಾನು ಹೊರಡುವವರೆಗೂ ಕೂರಲಿಲ್ಲ.

ಈ ಹಿಂದೆ ಶಾಲೆಯ ಮೇಕೆಗೆ ಬಡ್ತಿ ಕೋರಿ ತಮಗೆ ಅರ್ಜಿ ಬರೆದವನು ನಾನೇ. ಇದು ಅಂಥದ್ದಲ್ಲ. ನಕಿಮುಲಿಯ ಪರೀಕ್ಷಾ ಸಂಖ್ಯೆಯನ್ನು ಅವಳಿಗೆ ಮರಳಿಸಿ. ಆದೇಶದಲ್ಲಿ ಅವಳ ಹೆಸರು ಹೊಡೆದುಹಾಕಿ ನನ್ನದನ್ನು ಬರೆಯಿರಿ. ದೋಣಿ ಈಗ ಸರಿಯಿದೆ. ಹೋಗಲು ನಾನು ಗಂಟು ಕಟ್ಟಿಟ್ಟಿದ್ದೇನೆ.

ಇಂತಿ,
ತಮ್ಮ ವರದಿಯ ಪ್ರಕಾರ ‘ಸದ್ವರ್ತನೆಯ ಸಾಕ್ಷಿ’ಯಾದ,
ಮುಕೀಬಿ