ನೋಡೋಣ ಎಂದ ದೊರೆ

ಏಪೆಕ್ಸ್, ನಾರ್ತ್ ಕೆರೊಲೈನಾ
೯ ನವೆಂಬರ್ ೨೦೨೪

ಸಭಾಧ್ಯಕ್ಷರೆ, ವೇದಿಕೆಯ ಮೇಲೆ ಬೆವರುತ್ತಿರುವ ಗಣ್ಯರೆ, ಕೆಳಗೆ ಆಕಳಿಸುತ್ತಿರುವ ಅಗಣ್ಯರೆ, ಕೊನೆಗೆ ಉಪ್ಪಿಟ್ಟು ಬರುತ್ತದೆಂದು ನಂಬಿ ಕೂತಿರುವ ಪುಣ್ಯವಂತರೆ! ಇಂದಿನ ವಿಷಯ: ‘ಅಮೆರಿಕದ ವಸಾಹತುಗಳ ಅಸಮಾಧಾನವು ಕ್ರಾಂತಿಯಾಗಿ ಬೆಳೆದ ಬಗೆ’. ಉಪನ್ಯಾಸಕರು: ಮೈಸೂರಿನ ಮುನೀರ್, ಬಿ.ಎ., ಕನ್ನಡ ಮಾಧ್ಯಮ, ದ್ವಿತೀಯ ದರ್ಜೆ.

ಪ್ರೀತಿಯ ಕಲ್ಮೇಶ,

ಸಭೆಗೆ ಬಂದವನು ನೀನೊಬ್ಬನೇ, ಆದ್ದರಿಂದ ಏಳಬೇಡ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಅವ್ವ ಶಾಂತವ್ವನವರು ಈಗಲೂ ನಿನ್ನಿಂದ ಸಕ್ಕರೆ ಡಬ್ಬ ಅಡಗಿಸಿಡುತ್ತಾರೆಯೆ? ನೀನು ಬೇಸಿಗೆಯಲ್ಲಿ ಬರೆದದ್ದಕ್ಕೆ ಎಲೆಯುದುರುವ ಕಾಲದಲ್ಲಿ ಉತ್ತರ. ಕ್ಷಮಿಸು. ಬಿಡುವಿಲ್ಲ ಎಂದರೆ ಸುಳ್ಳು, ಮನಸ್ಸಿಲ್ಲ ಎಂದರೆ ಮುಳ್ಳು. ನಿನಗೆ ಯಾವುದು ಹಿಡಿಸುತ್ತದೋ ಅದನ್ನಿಟ್ಟುಕೋ.

ನಾಯಿಲಾ ಎರಡು ವರ್ಷದ ಹಿಂದೆ ಇಲ್ಲಿನ ಔಷಧ ಕಂಪನಿ ಬಿಟ್ಟು ಫೇರ್‌ಫ್ಯಾಕ್ಸಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಅವಳು ಅಲ್ಲಿ, ನಾನೂ ಮಗಳು ಮುನೀಬಾಳೂ ಇಲ್ಲಿ. ನಡುವೆ ಹೈವೇಯೇ ನಮ್ಮ ಸಂಸಾರ. ಈಗ ಮುನೀಬಾ ಡಿಸೆಂಬರ್ ರಜೆಗೆ ಅಮ್ಮಿಯ ಬಳಿ ಹೋದರೆ ತಿರುಗಿ ಬರುವುದಿಲ್ಲವಂತೆ. ಅಲ್ಲಿಯ ಶಾಲೆಗೇ ಸೇರುತ್ತಾಳಂತೆ. ತಡೆಯಬೇಕೋ, ಬಿಡಬೇಕೋ, ನನಗೆ ತಿಳಿಯುತ್ತಿಲ್ಲ.

ಹೊತ್ತಿಕೊಂಡದ್ದು ಅವಳ ಎಂಟನೆಯ ತರಗತಿಯ ಇತಿಹಾಸದಿಂದ. ನಾನು ದೋಸೆ ಹುಯ್ಯುತ್ತಿದ್ದೆ. “ಅಬ್ಬಾ, ಕಾಲೊನಿಸ್ಟ್ಸ್ ಯಾಕೆ ಅಷ್ಟು ಆಂಗ್ರಿ ಆದ್ರು? ನಾಳೆ ನಾನು ಪ್ರೆಸೆಂಟ್ ಮಾಡ್ಬೇಕು” ಎಂದಳು. ಬಿಡುತ್ತೇನೆಯೆ? ಹಾಸ್ಟೆಲಿನಲ್ಲಿ ನಾವಿಬ್ಬರೂ ಉರುಹೊಡೆದದ್ದನ್ನೆಲ್ಲ ಸೌಟು ಆಡಿಸುತ್ತ ಒಪ್ಪಿಸಿದೆ. ಯುದ್ಧದ ಖರ್ಚು, ಸ್ಟಾಂಪಿನ ಮೇಲೆ ತೆರಿಗೆ, ಚಹಾದ ಮೇಲೆ ತೆರಿಗೆ, ‘ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ’. ಬಾಸ್ಟನ್ನಿನವರು ಚಹಾ ಚೆಲ್ಲಿದರು, ದೊರೆಯ ಕಡೆಯವರು ಅಲ್ಲಿನ ಬಂದರನ್ನೇ ಮುಚ್ಚಿದರು, ಕರದ ಜಗಳ ಸಮರವಾಯಿತು.

“ನೋ ಅಬ್ಬಾ. ಫೈಟಿಂಗ್ ಸ್ಟಾರ್ಟ್ ಆದ್ಮೇಲೂ ಅವ್ರು ಕಿಂಗ್‌ಗೆ ಪೆಟಿಷನ್ ಕಳ್ಸಿದ್ರು. ನಾವು ನಿಮ್ಮವ್ರೇ, ಪ್ಲೀಸ್ ಲಿಸನ್ ಅಂತ. ಹಿ ಡಿಡ್ನಾಟ್ ಈವನ್ ರೀಡ್ ಇಟ್.”

“ಪಾಪ, ದೊರೆಗೆ ಏನು ಕೆಲಸವಿತ್ತೋ” ಎಂದೆ.

“ನೀವೂ ಹಾಗೇ ಮಾಡಿದ್ರಿ.”

“ನಾನೇನೇ ಮಾಡಿದೆ?”

“ಅಮ್ಮಿ ಹತ್ರ ಹೋಗೋಣ, ಆಲ್ ಥ್ರೀ ಆಫ್ ಅಸ್ ಟುಗೆದರ್ ಇರೋಣ, ಅಂತ ಕೇಳ್ದೆ. ನೀವು ‘ನೋಡೋಣ’ ಅಂದ್ರಿ. ಸೋ ಐ ವೇಟೆಡ್! ನೋಡೋಣ ಮೀನ್ಸ್ ಲೆಟ್ಸ್ ಲುಕ್, ರೈಟ್? ನೀವು ಅಲ್ಲಿ ಮನೆ ನೋಡ್ತಿದ್ದೀರ ಅನ್ಕೊಂಡೆ. ಸ್ಕೂಲ್ ನೋಡ್ತಿದ್ದೀರ ಅನ್ಕೊಂಡೆ. ಯೂ ವರ್ ನಾಟ್ ಲುಕಿಂಗ್ ಅಟ್ ಎನಿಥಿಂಗ್.”

ಸಭಿಕರೆ, ಉಪನ್ಯಾಸಕರಿಗೆ ಇಲ್ಲಿ ಕೆಮ್ಮು ಬಂತು.

ನೋಡೋಣ ಎಂದರೇನೆಂದು ನಿನಗೂ ನನಗೂ ಹೇಳಿಕೊಡಬೇಕೆ? ರಜೆ ಕೇಳಿದರೆ ನಿನ್ನ ಪ್ರಿನ್ಸಿಪಾಲರು ಹೇಳುವುದು ಅದನ್ನೇ. ‘ಇಲ್ಲ’ದ ಮೇಲೆ ನಮ್ಮವರು ಹೊದಿಸಿದ ಶಾಲು ಅದು. ತೊಟ್ಟಿಲಿನಿಂದ ಅವಳಿಗೆ ಕನ್ನಡ ಕಲಿಸಿದವನು ನಾನೇ: ಹಕ್ಕಿ ನೋಡು, ಚಂದ್ರನ್ನ ನೋಡು, ಬಾ ನೋಡೋಣ. ಕ್ರಿಯಾಪದ ಕಲಿಸಿದೆ, ಕಪಟ ಕಲಿಸಲಿಲ್ಲ. ಹುಡುಗಿ ಮಾತನ್ನು ಮಾತೆಂದೇ ನಂಬಿ ಎರಡು ವರ್ಷ ಕಾದಿದ್ದಾಳೆ.

ಫೋನಿನಲ್ಲಿ ನಾಯಿಲಾಳಿಗೆ ಹೇಳಿದೆ. “ನಂಗೆ ಮೊದಲ ದಿನಾನೇ ಅರ್ಥ ಆಗಿತ್ತು, ಮುನೀರ್. ಬಚ್ಚಿಗೆ ಆಗಿರ್ಲಿಲ್ಲ, ಅಷ್ಟೇ” ಎಂದಳು. ಕೋಪವೇ ಇರಲಿಲ್ಲ ದನಿಯಲ್ಲಿ. ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು.

ನನ್ನ ಗೊಂದಲ ಇದು, ಕಲ್ಮೇಶ. ಅವಳ ವೀಸಾದ ಬಾಲಂಗೋಚಿಯಾಗಿ ಬಂದು ಊರಿಂದೂರಿಗೆ ಅಲೆದ ಕಾಲದಲ್ಲಿ ನಾನೇ ಅವಳ ವಸಾಹತು ಎಂದು ತಿಳಿದಿದ್ದೆ. ಕೊನೆಗೆ ಇಲ್ಲಿಯ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತು. ನನ್ನ ಹೆಸರಿನದೊಂದು ಬ್ಯಾಡ್ಜು, ನನ್ನದೊಂದು ಕುರ್ಚಿ. ಮತ್ತೆ ಇನ್ನೊಂದೂರಿಗೆ ನಾಯಿಲಾಳ ಗಂಡನಾಗಿ ಹೋಗಲು ಮನಸ್ಸಿರಲಿಲ್ಲ. ಅದು ನನ್ನ ಸ್ವಾತಂತ್ರ್ಯ ಎಂದುಕೊಂಡಿದ್ದೆ. ಈಗ ನೋಡಿದರೆ ಸಿಂಹಾಸನದ ಮೇಲೆ ಕೂತಿದ್ದೇನೆ! ಯಾವಾಗ ಹತ್ತಿದೆ, ಯಾರು ಹತ್ತಿಸಿದರು?

ಇನ್ನೊಂದೂ ಅರ್ಥವಾಗುತ್ತಿಲ್ಲ. ಹುಡುಗಿ ಕೇಳಿದ್ದು ಮೂವರೂ ಒಂದೇ ಸೂರಿನ ಕೆಳಗಿರೋಣ ಎಂದು. ಅದೇ ಬೇಡಿಕೆ ಕಾದು ಕಾದು ‘ನಾನು ಹೊರಟೆ’ ಆದದ್ದು ಹೇಗೆ? ನೀನು ಇತಿಹಾಸದ ಮೇಷ್ಟ್ರು, ಹೇಳು: ಆ ದೊರೆ ತಡವಾಗಿಯಾದರೂ ಅರ್ಜಿ ಒಡೆದು ಓದಿದ್ದರೆ ಅವರು ನಿಲ್ಲುತ್ತಿದ್ದರೆ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ, ಬಂದಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ.

ಶಾಂತವ್ವನವರಿಗೆ ನನ್ನ ಸಲಾಮು ಹೇಳು. ನಿನ್ನ ಮಂಡಿಗೆ ಬಲ, ಮನೆಗೆ ನೆಮ್ಮದಿ ಇರಲಿ ಎಂದು ದುವಾ ಮಾಡುತ್ತೇನೆ.

ನಿನ್ನ
ಮುನೀರ್

ತಾ.ಕ.: ಕೆಲಸಕ್ಕಾಗಿ ಇಲ್ಲೇ ಉಳಿಯುತ್ತಿದ್ದೇನೆಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮೊನ್ನೆ ನಾಯಿಲಾ ಅಲ್ಲಿ ಗೊತ್ತುಮಾಡಿದ ಮನೆಯ ಫೋಟೋ ಕಳಿಸಿದಳು. ಕಿಟಕಿಯ ಕಡೆಯ ಕೋಣೆ ಮುನೀಬಾಳದಂತೆ, ಇನ್ನೊಂದು ತನ್ನದಂತೆ. ಚೆನ್ನಾಗಿದೆ ಎಂದು ಬರೆದೆ. ಉಪನ್ಯಾಸವೂ ಇಲ್ಲ, ಮಣ್ಣೂ ಇಲ್ಲ, ಕಲ್ಮೇಶ. ನನಗೂ ಅವರ ಜೊತೆ ಹೋಗಬೇಕು. ನನ್ನನ್ನು ಯಾರೂ ಕರೆದಿಲ್ಲ.