ಮರ ಗಾರ್ಗಿಯದು, ಹಣ್ಣು ನನ್ನದು

ಸ್ಯಾನ್ ಮಟಿಯೋ
೧೨ ಅಕ್ಟೋಬರ್ ೨೦೨೫

ಪ್ರೀತಿಯ ತಾಯಮ್ಮ,

ಹೇಗಿದ್ದೀಯ? ಮಂಡಿ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಿ ಇಳಿಯುವಷ್ಟು ಆಗಿದೆಯಾ? ನಿನ್ನ ಕಾಗದ ಜೂನ್‌ನಲ್ಲೇ ಬಂತು. ಉತ್ತರ ಬರೆಯೋಕೆ ನಾಲ್ಕು ತಿಂಗಳು ಮಾಡಿದೆ, ಬೈದುಕೋ ಪರವಾಗಿಲ್ಲ. ವಾಟ್ಸಾಪಿನಲ್ಲಿ ದಿನಾ ಒಂದು ಹೂವಿನ ಚಿತ್ರ ಕಳಿಸೋದು ಸುಲಭ. ಇಲ್ಲಿ ಆದದ್ದನ್ನು ಅದರಲ್ಲಿ ಒತ್ತಿ ಒತ್ತಿ ಹೇಳೋಕೆ ನನ್ನ ಕೈಲಾಗಲಿಲ್ಲ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ಮುಂದಿನ ತಿಂಗಳು ನಾನು ಮದುವೆಯಾಗುತ್ತಿದ್ದೇನೆ ಕಣೇ. ಅರವತ್ತನೇ ವಯಸ್ಸಿನಲ್ಲಿ! ಅವರ ಹೆಸರು ಯೋಗಾನಂದ. ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಬಸ್ಸುಗಳ ವರ್ಕ್‌ಶಾಪಿನಲ್ಲಿ ಎಂಜಿನಿಯರಾಗಿದ್ದು ರಿಟೈರ್ ಆದವರು, ಹೆಂಡತಿ ಹೋಗಿ ಆರು ವರ್ಷವಾಯಿತು. ಇಲ್ಲಿನ ಲೈಬ್ರರಿಯಲ್ಲಿ ಶನಿವಾರ ಕನ್ನಡದವರು ಸೇರುತ್ತೇವಲ್ಲ, ಅಲ್ಲಿಗೆ ಟ್ರೈನಿನಲ್ಲಿ ಬರುತ್ತಿದ್ದರು. ಒಂದು ದಿನ ಸ್ಟೇಷನ್ನಿನವರೆಗೆ ನಡೆದುಕೊಂಡು ಹೋಗುವಾಗ, "ದಿನಾ ಒಬ್ಬನೇ ಊಟಕ್ಕೆ ಕೂತು ಸಾಕಾಗಿದೆ, ನಿಮಗೂ ಹಾಗನ್ನಿಸಿದರೆ ಹೇಳಿ" ಅಂದರು. ಅಷ್ಟೇ. ನನಗೂ ಹಾಗನ್ನಿಸಿ ಬಹಳ ದಿನವಾಗಿತ್ತು.

ಆದರೆ ಹೂಂ ಅನ್ನುವ ಮೊದಲು ಅಡ್ಡ ಬಂದದ್ದು ಲೂಯಿಸಿಯಾನಾದ ಮನೆ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಮೂವತ್ತು ವರ್ಷ ಪತ್ರಗಳನ್ನು ಓದಿದವಳು ನೀನು, ನಿನಗೆ ಇದು ಹಿಡಿಸುತ್ತದೆ.

ನಮ್ಮವರು ಹೋದಾಗ ವಿಲ್ ಬರೆದಿರಲಿಲ್ಲ ಅಂತ ನಿನಗೆ ಗೊತ್ತು. ಡಾಕ್ಟರು ಊರಿಗೆಲ್ಲ ಬುದ್ಧಿ ಹೇಳುತ್ತಾರೆ, ತಮ್ಮ ಕೆಲಸ ಮಾತ್ರ ನಾಳೆಗೆ ಇಡುತ್ತಾರೆ. ಅಮೆರಿಕದಲ್ಲಿ ಆ ಒಂದು ರಾಜ್ಯದ ಕಾನೂನು ಬೇರೆ. ಹಿಂದೆ ಅಲ್ಲಿದ್ದ ಫ್ರೆಂಚರು, ಸ್ಪೇನಿನವರು ಬಿಟ್ಟುಹೋದದ್ದಂತೆ. ಅಲ್ಲಿನ ವಕೀಲರು ನಮ್ಮ ಹಿತ್ತಿಲಲ್ಲೇ ನಿಂತು ನನಗೆ ಬಿಡಿಸಿ ಹೇಳಿದ್ದರು. ಒಡೆತನ ಅಂದರೆ ಒಂದೇ ಹಕ್ಕಲ್ಲ, ಮೂರು: ವಸ್ತುವನ್ನು ಬಳಸುವುದು, ಅದರ ಫಲ ಪಡೆಯುವುದು, ಅದನ್ನು ಮಾರುವುದೋ ಕೊಟ್ಟುಬಿಡುವುದೋ. ಮದುವೆಯಾದಮೇಲೆ ಕೊಂಡ ಮನೆ, ಹಾಗಾಗಿ ಅರ್ಧ ಪೂರ್ತಿ ನನ್ನದೇ. ಅವರ ಅರ್ಧದ ಒಡೆತನ ಅವರ ಮೊದಲ ಹೆಂಡತಿಯ ಮಗಳು ಗಾರ್ಗಿಗೆ. ಆದರೆ ಅದರ ಅನುಭೋಗ ನನಗೆ. ಅಂದರೆ ಅಲ್ಲಿ ಇರಬಹುದು, ಬಾಡಿಗೆಗೆ ಕೊಟ್ಟು ಬಾಡಿಗೆ ತಿನ್ನಬಹುದು, ಗಾರ್ಗಿಯ ಪಾಲನ್ನು ಮಾತ್ರ ಮಾರುವ ಹಾಗಿಲ್ಲ. ಎದುರಿಗೇ ಕಿತ್ತಳೆ ಮರವಿತ್ತು. ಗಾರ್ಗಿಯ ಪಾಲಿನ ಮಟ್ಟಿಗೆ ಹಣ್ಣು ನಿಮ್ಮದು, ಮರ ಅವಳದು ಅಂದರು. ಫಲವಿಲ್ಲದೆ ಬರೀ ಒಡೆತನ ಇರುವವರನ್ನು ಅಲ್ಲಿ ನೇಕೆಡ್ ಓನರ್, ಬೆತ್ತಲೆ ಒಡೆಯರು, ಅನ್ನುತ್ತಾರೆ. ಅದನ್ನು ಕೇಳಿ ಗಾರ್ಗಿ, ಸಾವಿನ ಮನೆಯಲ್ಲಿ, ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಿದ್ದಳು. ನನಗೂ ನಗು ಬಂತು. ಹದಿಮೂರು ದಿನಗಳಲ್ಲಿ ನಾವು ನಕ್ಕದ್ದು ಅದೊಂದೇ ಸಲ.

ಆಮೇಲೆ ಅವಳೇ ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳು, ಅಳಿಯ ಅಭಿರಾಮ್ ಇರುವುದು ಪಕ್ಕದ ಫಾಸ್ಟರ್ ಸಿಟಿಯಲ್ಲಿ, ಕಾರಿನಲ್ಲಿ ಹತ್ತು ನಿಮಿಷ. ನಾನು ಒಂದು ಪುಟ್ಟ ಅಪಾರ್ಟ್‌ಮೆಂಟು ಹಿಡಿದೆ. ಅಲ್ಲಿನ ಮನೆಯ ಬಾಡಿಗೆಯಿಂದಲೇ ಇಲ್ಲಿನ ಬಾಡಿಗೆ ಕಟ್ಟುತ್ತಾ ಬಂದಿದ್ದೇನೆ. ಎರಡು ವರ್ಷದ ಹಿಂದೆ ಬಿರುಗಾಳಿಗೆ ಆ ಮನೆಯ ಸೂರು ಹಾರಿತು. ನಲ್ಲಿ, ಬಣ್ಣ ಇಂಥವೆಲ್ಲ ಅನುಭೋಗದವರ ಪಾಲಿಗೆ, ಸೂರಿನಂಥ ದೊಡ್ಡ ರಿಪೇರಿ ಒಡೆಯರ ಪಾಲಿಗೆ. ಅರ್ಧದ ಒಡತಿ ನಾನೂ ಅಲ್ಲವೇ? ಗಾರ್ಗಿ ಅದನ್ನೆಲ್ಲ ಎತ್ತಲೇ ಇಲ್ಲ. ರಜೆ ಹಾಕಿ, ವಿಮಾನ ಹತ್ತಿ ಹೋಗಿ, ಇಡೀ ಸೂರು ಹೊದಿಸಿಯೇ ಬಂದಳು. ಅಲ್ಲಿನ ಬಾಡಿಗೆಯಲ್ಲಿ ಅವಳಿಗೆ ಒಂದು ಕಾಸೂ ಬರುತ್ತಿರಲಿಲ್ಲ ನೋಡು.

ಈಗ ಅಡ್ಡ ಬಂದದ್ದು ಏನು ಅಂದರೆ, ವಿಧವೆ ಮತ್ತೆ ಮದುವೆಯಾದ ದಿನವೇ ಅವಳ ಅನುಭೋಗ ಮುಗಿಯುತ್ತದೆ. ಆ ಅರ್ಧ ಪೂರ್ತಿಯಾಗಿ ಗಾರ್ಗಿಯದಾಗುತ್ತದೆ. ಆಮೇಲೆ ನಾವಿಬ್ಬರೂ ಜಂಟಿ ಒಡೆಯರು. ಜಂಟಿಯಾಗಿ ಇರಲೇಬೇಕು ಅಂತ ಯಾರನ್ನೂ ಕಟ್ಟಿಹಾಕುವ ಹಾಗಿಲ್ಲ, ಒಬ್ಬರು ಪಾಲು ಕೇಳಿದರೆ ಮನೆ ಮಾರಿ ಹಂಚಬೇಕು. ವಕೀಲರು ಫೋನಿನಲ್ಲಿ ಇಷ್ಟು ಹೇಳಿ, ಯೋಚಿಸಿ ಅಂದರು. ಯೋಗಾನಂದ ಅವರು, "ನನ್ನ ಪೆನ್ಷನ್ ಇದೆಯಲ್ಲ, ಆ ಮನೆಯ ಚಿಂತೆ ಬಿಡಿ" ಅಂದರು. ಅವರ ಊಟಕ್ಕೆ ಜೊತೆಯಾಗುತ್ತೇನೆ, ಆದರೆ ಅವರ ಪೆನ್ಷನ್ನಿನ ಮೇಲೆ ಕೂರುವುದು ನನಗೆ ಬೇಡವಾಗಿತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ತಿಂದವಳು ನಾನು.

ಜುಲೈನಲ್ಲಿ ಗಾರ್ಗಿಗೆ ಹೇಳಿದೆ. ಮಾಡಿಕೋ, ತಡ ಮಾಡಬೇಡ ಅಂದಳು. ಹತ್ತು ದಿನ ಬಿಟ್ಟು ಫೋನ್ ಮಾಡಿ, ಭಾನುವಾರ ಮನೆಯಲ್ಲೇ ಇರೋಕೆ ಹೇಳಿದಳು. ಬಂದವಳ ಜೊತೆ ಅಭಿರಾಮ್, ಅವರ ಪಕ್ಕದ ಮನೆಯ ಶೇಷಾದ್ರಿ, ಮತ್ತೆ ಒಬ್ಬರು ನೋಟರಿ. ಕೈಯಲ್ಲಿ ಲೂಯಿಸಿಯಾನಾದ ವಕೀಲರು ಸಿದ್ಧಮಾಡಿ ಕಳಿಸಿದ ಪತ್ರ. ತನ್ನ ಅರ್ಧದ ಅನುಭೋಗವನ್ನು ನಾನು ಬದುಕಿರುವವರೆಗೆ ನನಗೇ ಕೊಟ್ಟಿದ್ದಾಳೆ. ಮದುವೆಯಾದರೂ, ಎಲ್ಲಿದ್ದರೂ. ನೋಟರಿಯ ಎದುರಿಗೆ, ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಹಾಕಬೇಕಂತೆ, ತೆಗೆದುಕೊಳ್ಳುವವರೂ ಒಪ್ಪಿದೆ ಅಂತ ಸಹಿ ಹಾಕಬೇಕಂತೆ.

ಇದೆಲ್ಲ ಯಾಕೆ ಅಂದೆ.

"ಅದು ಅಪ್ಪನ ಹೆಂಡತಿ ಅಂತ ಕಾನೂನು ಕೊಟ್ಟಿದ್ದು, ಮದುವೆಯಾದರೆ ಹೋಗುತ್ತೆ," ಅಂದಳು. "ಇದು ನಾನು ಕೊಡ್ತಿರೋದು. ಹೋಗಲ್ಲ."

ಕನ್ನಡದಲ್ಲೇ ಅಂದಳು ತಾಯಮ್ಮ, ನಿಧಾನವಾಗಿ, ಒಂದೊಂದೇ ಮಾತು ಹುಡುಕಿಕೊಂಡು. ನಾನು ಸಹಿ ಹಾಕಿದೆ. ಶೇಷಾದ್ರಿಯವರಿಗೆ ಕಾಫಿ ಕೊಡುವುದನ್ನೂ ಮರೆತೆ.

ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಆ ಮಗುವನ್ನು ನೆನೆದು ಕೈಮುಗಿಯುತ್ತೇನೆ. ಹೆತ್ತವರಿಗೇ ಇಷ್ಟು ಮಾಡುವವರು ಕಡಿಮೆ. ಇಪ್ಪತ್ತೇಳು ವರ್ಷದ ಹಿಂದೆ, ಒಂಬತ್ತು ವರ್ಷದ ಮಗಳಿರುವವರನ್ನು ಮದುವೆಯಾಗಲೋ ಬೇಡವೋ ಅಂತ ನಾನಿದ್ದ ವರ್ಕಿಂಗ್ ವಿಮೆನ್ಸ್ ಹಾಸ್ಟೆಲಿನ ತಾರಸಿಯಲ್ಲಿ ನಿನ್ನನ್ನು ಕೇಳಿದ್ದೆ. ಆಗು ಅಂದವಳು ನೀನು. ನಿನಗೂ ನನ್ನ ನಮಸ್ಕಾರ ಸಲ್ಲಬೇಕು.

ಮದುವೆ ಇಲ್ಲಿನ ಕೌಂಟಿ ಆಫೀಸಿನಲ್ಲಿ, ಐದು ಜನ ಅಷ್ಟೇ. ಆಮೇಲೆ ಗಾರ್ಗಿಯ ಮನೆಯಲ್ಲಿ ಊಟ. ನಿನ್ನ ಮನೆಯವರಿಗೆಲ್ಲ ಒಳ್ಳೆಯದಾಗಲಿ, ನಿನ್ನ ಮೊಮ್ಮಗಳು ನಿಸರ್ಗಾ ಚೆನ್ನಾಗಿ ಓದಿ ದೊಡ್ಡವಳಾಗಲಿ. ಮಂಡಿ ಜೋಪಾನ.

ನಿನ್ನ
ವೇದವತಿ

ಮತ್ತೆ: ಕಾಗದ ಮಡಿಸಿ ಇಟ್ಟವಳು ಪುನಃ ಬಿಚ್ಚಿದ್ದೇನೆ. ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಜುಲೈನಲ್ಲಿ ಗಾರ್ಗಿ ತಡ ಮಾಡಬೇಡ ಅಂದಾಗ, ಅವಳು, ಅಭಿರಾಮ್ ಇಬ್ಬರೂ ಇಲ್ಲೊಂದು ಮನೆ ಕೊಳ್ಳೋಕೆ ಓಡಾಡುತ್ತಿದ್ದರು. ನನಗೆ ಏನು ಹೊಕ್ಕಿತೋ, "ಅಪ್ಪನ ಅರ್ಧ ಅಷ್ಟು ಬೇಗ ಬೇಕಾಗಿತ್ತಾ ನಿನಗೆ?" ಅಂದುಬಿಟ್ಟೆ. ಮದುವೆಯಾದರೆ ಅನುಭೋಗ ಹೋಗುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ ತಾಯಮ್ಮ. ಏನದು ಅಂತ ಕೇಳಿದಳು, ನಾನೇ ಬಿಡಿಸಿ ಹೇಳಬೇಕಾಯಿತು. ಕೇಳಿಸಿಕೊಂಡು ಎದ್ದು ಹೋಗಿ ಪಾತ್ರೆ ತೊಳೆಯುತ್ತಾ ನಿಂತಳು. ಈಗಲೂ ದಿನಾ ಫೋನ್ ಮಾಡುತ್ತಾಳೆ, ಮೊಸರು ತರಕಾರಿ ತಂದಿಟ್ಟು ಹೋಗುತ್ತಾಳೆ. ಆದರೆ ಅವತ್ತಿನಿಂದ ಒಂದು ಸಲವೂ ನನ್ನನ್ನು ಅಮ್ಮ ಅಂತ ಕರೆದಿಲ್ಲ. ಮದುವೆಯಾದ ಎರಡನೇ ವರ್ಷ, ಸ್ಕೂಲ್ ಬಸ್ಸಿನಿಂದ ಇಳಿಯುತ್ತಾ ತಾನಾಗಿಯೇ ಕರೆದಿದ್ದಳು, ಹಾಗೆ ಕರೆ ಅಂತ ನಾನು ಕೇಳಿರಲಿಲ್ಲ. ಈಗ ಹೇಗೆ ಕೇಳಲಿ ಹೇಳು.